ಕತ್ತಿಯ ಬುಡ ನೋಡಿ, ಆಮೇಲೆ ವಯಸ್ಸು ಹೇಳಿ

ಹಳೇ ಕ್ಷೌರದ ಕತ್ತಿ ತರುವವರು ನನಗೆ ಅಲಗು ತೋರಿಸುತ್ತಾರೆ. ನಾನು ನೋಡುವುದು ಬುಡವನ್ನು. ಅಲಗು ಮುಗಿದು ಹಿಡಿಯ ಕೀಲಿಗೆ ಸೇರುವ ಕಡೆ, ಉಗುರಗಲದ ಜಾಗದಲ್ಲಿ ಅಕ್ಷರ ಒತ್ತಿರುತ್ತಾರೆ. ಕತ್ತಿಯ ಜಾತಕ ಇರುವುದು ಅಲ್ಲೇ.

ಹೋದ ತಿಂಗಳು ಒಬ್ಬರು ಮುತ್ತಾತನ ಕತ್ತಿ ತಂದರು. "ಇನ್ನೂರು ವರ್ಷ ಹಳೇದು ಸಾರ್" ಅಂದರು. ಬುಡಕ್ಕೆ ಎಣ್ಣೆ ಹಚ್ಚಿ, ಬಟ್ಟೆಯಿಂದ ನಿಧಾನವಾಗಿ ಉಜ್ಜಿದೆ. ವೇಡ್ ಅಂಡ್ ಬುಚರ್, ಶೆಫೀಲ್ಡ್, ಇಂಗ್ಲೆಂಡ್ ಎಂದು ಕಂಡಿತು. ಆ ಕೊನೆಯ ಪದ ನೋಡಿದ ತಕ್ಷಣ ಇನ್ನೂರು ವರ್ಷದ ಲೆಕ್ಕ ಬಿದ್ದುಹೋಯಿತು.

ಹಿಂದೆ ಊರಿನ ಹೆಸರು ಇದ್ದರೆ ಸಾಕಿತ್ತು. ಕತ್ತಿಗೆ ಹೆಸರಾದ ಶೆಫೀಲ್ಡ್ ಎಲ್ಲಿದೆ ಅಂತ ಯಾರಿಗೂ ಹೇಳಬೇಕಿರಲಿಲ್ಲ. ಆದರೆ 1890ರಲ್ಲಿ ಅಮೆರಿಕ ಮೆಕಿನ್ಲೆ ಸುಂಕದ ಕಾಯ್ದೆ ತಂದಿತು. ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಎಂಬ ನಿಯಮ 1891ರಲ್ಲಿ ಜಾರಿಗೆ ಬಂತು. ಕತ್ತಿಗಳ ಮೇಲೆ 'ಇಂಗ್ಲೆಂಡ್', 'ಜರ್ಮನಿ' ಸಾಲುಸಾಲಾಗಿ ಕಾಣುವುದು ಅಲ್ಲಿಂದ ಈಚೆಗೆ. ಹಾಗಂತ ದೇಶದ ಹೆಸರಿಲ್ಲದ್ದೆಲ್ಲ ಅದಕ್ಕಿಂತ ಹಳೇದು ಅನ್ನಬೇಡಿ. ಅಮೆರಿಕಕ್ಕೆ ಹೋಗದ ಸರಕಿಗೆ ಆ ನಿಯಮ ತಾಗುತ್ತಿರಲಿಲ್ಲ.

ಬುಚರ್ ಅಂದರೆ ವಿಲಿಯಂ ಮತ್ತು ಸ್ಯಾಮ್ಯುಯಲ್ ಎಂಬ ಅಣ್ಣತಮ್ಮಂದಿರು. ಶೆಫೀಲ್ಡಿನ ಅರುಂಡೆಲ್ ಬೀದಿಯಲ್ಲಿ ಅವರ ಕಾರ್ಖಾನೆಯ ಇಟ್ಟಿಗೆ ಕಟ್ಟಡ ಈಗಲೂ ನಿಂತಿದೆ. ಅಲಗಿನ ಮೇಲೆ ಹೆಸರು ಅವರದೇ, ಆದರೆ ಕೆಲಸ ಹತ್ತು ಕೈಯದು. ಬಡಿಯುವವನು ಒಬ್ಬ, ಹದ ಕೊಡುವವನು ಇನ್ನೊಬ್ಬ, ಸಾಣೆ ಹಿಡಿಯುವವನು ಮತ್ತೊಬ್ಬ. ಬ್ರ್ಯಾಂಡ್ ನೋಡಿ ಜಾಸ್ತಿ ದುಡ್ಡು ಕೊಡುವವರಿಗೆ ನಾನು ಇದನ್ನೇ ಹೇಳುವುದು. ಒಂದೇ ಹೆಸರಿನ ಎರಡು ಕತ್ತಿ ಕಲ್ಲಿನ ಮೇಲೆ ಒಂದೇ ಥರ ನಡೆಯುವುದಿಲ್ಲ.

ಇನ್ನು 'ಸಿಲ್ವರ್ ಸ್ಟೀಲ್' ಎಂಬ ಒತ್ತು. ಬೆಳ್ಳಿ ಇದೆಯಾ ಸಾರ್ ಅಂತ ಎಲ್ಲರೂ ಕೇಳುತ್ತಾರೆ. ಈ ಕಥೆ ಸುತ್ತಿಕೊಂಡು ನಮ್ಮ ಕಡೆಗೇ ಬರುತ್ತದೆ. ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕಾಯಿಸಿ ಮಾಡುತ್ತಿದ್ದ ಉಕ್ಕನ್ನು ಇಂಗ್ಲಿಷರು 'ವೂಟ್ಜ್' ಎಂದರು. ಆ ಪದ ನಮ್ಮ 'ಉಕ್ಕು' ಎಂಬುದರಿಂದಲೇ ಬಂತು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕನಿಗೆ ಈ ಉಕ್ಕಿನ ಮೇಲೆ ಬಹಳ ಒಲವು. ಅದರ ಗುಟ್ಟು ತಿಳಿಯಲು ಅವನು ಮೈಕೆಲ್ ಫ್ಯಾರಡೆ ಜೊತೆ ಸೇರಿದ. ಹೌದು, ವಿದ್ಯುತ್ತಿನ ಫ್ಯಾರಡೆಯೇ. ಇಬ್ಬರೂ ಉಕ್ಕಿಗೆ ಬೇರೆಬೇರೆ ಲೋಹ ಬೆರೆಸಿ ನೋಡಿದರು. 500ಕ್ಕೆ 1 ಪಾಲು ಬೆಳ್ಳಿ ಹಾಕಿದಾಗ ಒಳ್ಳೇ ಉಕ್ಕು ಬಂತೆಂದು 1820ರ ಹೊತ್ತಿಗೆ ಬರೆದರು. ಆಮೇಲೆ 'ಸಿಲ್ವರ್ ಸ್ಟೀಲ್' ಬರೀ ಮಾರಾಟದ ಮಾತಾಯಿತು. ಹಾಗಾಗಿ ಬೆಳ್ಳಿ ಹುಡುಕಲು ಅಲಗು ಕೆರೆಯಬೇಡಿ.

ಜರ್ಮನಿಯ ಜೋಲಿಂಗನ್ ಊರಿನದು ಬೇರೆ ಥರ. 1731ರ ಜೂನ್ 13ರಂದು ಪೀಟರ್ ಹೆಂಕೆಲ್ಸ್ ಅಲ್ಲಿನ ಕತ್ತಿ ಕಸುಬಿನವರ ಸಂಘದಲ್ಲಿ ಅವಳಿ ಮಕ್ಕಳ ಗುರುತು ದಾಖಲಿಸಿದ. ಅಕ್ಷರ ಅಳಿಸಿದ್ದರೂ ಆ ಅವಳಿ ಗೊಂಬೆ ಸಿಕ್ಕರೆ ಮನೆತನ ಗೊತ್ತಾಯಿತು. ಶೆಫೀಲ್ಡಿನ ಹಳೇ ಕತ್ತಿ ಬೆಣೆಯ ಹಾಗೆ ದಪ್ಪ. ಜೋಲಿಂಗನ್‌ನವರು ಎರಡೂ ಪಕ್ಕ ಒಳಗೆ ತೋಡಿ, ಅಲಗನ್ನು ಕಾಗದದಷ್ಟು ತೆಳ್ಳಗೆ ಮಾಡಿದರು. ಉಗುರಿನಿಂದ ಮೀಟಿದರೆ ಟಿಂಗ್ ಅನ್ನುತ್ತದೆ.

ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಕಸುಬಿನ ಮೊದಲ ವರ್ಷ, ತುಕ್ಕು ತೆಗೆಯಲು ಇಂಥದ್ದೇ ತೆಳು ಅಲಗನ್ನು ಪಾಲಿಶ್ ಚಕ್ರಕ್ಕೆ ಹಿಡಿದೆ. ಬುಡದ ಅಕ್ಷರ ಅರ್ಧ ಸವೆಯಿತು. ಅಂಚಿಗೆ ನೀಲಿ ಬಣ್ಣ ಬಂತು. ನೀಲಿ ಅಂದರೆ ಶಾಖ ಹೆಚ್ಚೂಕಡಿಮೆ 300 ಡಿಗ್ರಿ ಮುಟ್ಟಿದೆ, ಹದ ಹೋಗಿದೆ ಎಂದರ್ಥ. ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲಲಿಲ್ಲ. ಅದು ಈಗಲೂ ನನ್ನ ಮೇಜಿನ ಮೇಲಿದೆ, ಲಕೋಟೆ ಒಡೆಯಲಿಕ್ಕೆ.

ಮುತ್ತಾತನ ಕತ್ತಿಯವರ ಮುಖ ಸ್ವಲ್ಪ ಸಪ್ಪಗಾಯಿತು. "ಹಾಗಾದ್ರೆ ಮುತ್ತಾತನದೇ ಅಲ್ವಾ?" ಅಂದರು. ಮುತ್ತಾತ ಹುಟ್ಟಿದ ವರ್ಷ ಕೇಳಿದೆ. 1888 ಅಂದರು. ಮೀಸೆ ಮೂಡುವ ಹೊತ್ತಿಗೆ ಲೆಕ್ಕ ಸರಿಹೊಂದುತ್ತದೆ ಅಂದೆ.