ದೇವರ ಸಮಯಕ್ಕೆ ಕಾಯುವುದು ಅಂದರೆ ಸುಮ್ನೆ ಕೂರುವುದಾ?

ಪ್ರಶ್ನೆ: ನನಗೆ ಮದುವೆಯಾಗಿ ಆರು ವರ್ಷ ಆಯಿತು, ಮಕ್ಕಳಾಗಿಲ್ಲ. ದಿನಾ ಪ್ರಾರ್ಥನೆ ಮಾಡುತ್ತೇನೆ. ಚರ್ಚಿನ ಕೂಟದಲ್ಲಿ ಎಲ್ಲರೂ "ದೇವರ ಸಮಯಕ್ಕೆ ಕಾಯಿರಿ" ಅನ್ನುತ್ತಾರೆ. ಕಲಬುರಗಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಅಂದರೆ ನಂಬಿಕೆ ಸಾಲದು ಅಂತಾರೆ. ಹಾಗಾದರೆ ಏನೂ ಮಾಡದೆ ಇರಬೇಕಾ?
– ಸೇಡಂ ತಾಲ್ಲೂಕಿನ ಒಬ್ಬ ಸಹೋದರಿ

ಉತ್ತರ: ತಂಗಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಗಂಡನನ್ನೂ ಕರೆದುಕೊಂಡು ಹೋಗಿ. ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ತೋರಿಸಬೇಕು, ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ತೋರಿಸಬೇಕು ಎಂದು ವೈದ್ಯರು ಹೇಳುತ್ತಾರೆ. ನಿಮಗೆ ಆಗಲೇ ಆರು ವರ್ಷವಾಗಿದೆ. ತೊಂದರೆ ಗಂಡಸಿನಲ್ಲೂ ಇರಬಹುದು, ಆದ್ದರಿಂದ ಇಬ್ಬರಿಗೂ ತಪಾಸಣೆ ಆಗಲಿ. ಇದಕ್ಕೂ ನಂಬಿಕೆಗೂ ಜಗಳವಿಲ್ಲ. ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅಪೊಸ್ತಲ ಪೌಲನ ಜೊತೆಗಾರ ಲೂಕನೇ ವೈದ್ಯನಾಗಿದ್ದ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ಅವನನ್ನು ಪ್ರಿಯ ವೈದ್ಯ ಎಂದೇ ಕರೆದಿದ್ದಾನೆ.

ಈಗ ಕಾಯುವ ಮಾತಿಗೆ ಬರೋಣ.

ನಮ್ಮ ಭಾಷೆಯಲ್ಲಿ 'ಕಾಯುವುದು' ಅನ್ನೋದಕ್ಕೆ ಎರಡು ಅರ್ಥ ಇದೆ. ಬಸ್ಸಿಗೆ ಕಾಯುತ್ತೇವೆ. ಹೊಲವನ್ನೂ ಕಾಯುತ್ತೇವೆ. ಸತ್ಯವೇದದ 130ನೇ ಕೀರ್ತನೆಯಲ್ಲಿ ಭಕ್ತ, ಬೆಳಗಾಗುವುದನ್ನು ಎದುರುನೋಡುವ ಕಾವಲುಗಾರರಿಗಿಂತ ಹೆಚ್ಚಾಗಿ ನನ್ನ ಪ್ರಾಣ ಕರ್ತನಿಗಾಗಿ ಕಾಯುತ್ತದೆ ಅನ್ನುತ್ತಾನೆ. ಕಾವಲುಗಾರ ಮಲಗಿ ಕಾಯುವುದಿಲ್ಲ ಅಲ್ವಾ? ಎದ್ದಿರುತ್ತಾನೆ, ಓಡಾಡುತ್ತಾನೆ, ಕತ್ತಲಲ್ಲಿ ಸಣ್ಣ ಸದ್ದಾದರೂ ನೋಡುತ್ತಾನೆ. ಇನ್ನು 121ನೇ ಕೀರ್ತನೆಯಲ್ಲಿ ಅದೇ ಮಾತು ದೇವರ ಬಗ್ಗೆ ಬರುತ್ತದೆ. ನಿನ್ನನ್ನು ಕಾಯುವಾತನು ತೂಕಡಿಸುವುದಿಲ್ಲ. ನೀವು ಅವನಿಗಾಗಿ ಕಾಯುತ್ತಿರುವ ಈ ಆರು ವರ್ಷವೂ ಅವನು ನಿಮ್ಮನ್ನು ಕಾಯುತ್ತಲೇ ಇದ್ದಾನೆ.

ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ಓದಿ. ತಾಳ್ಮೆ ಕಲಿಯಲು ರೈತನನ್ನು ನೋಡಿರಿ ಅನ್ನುತ್ತದೆ. ಮುಂಗಾರು ಹಿಂಗಾರು ಮಳೆ ಬರುವ ತನಕ ಅವನು ದೀರ್ಘಶಾಂತಿಯಿಂದ ಇರುತ್ತಾನೆ. ಇಸ್ರೇಲ್ ನಾಡಿನಲ್ಲಿ ಮೊದಲ ಮಳೆ ಅಕ್ಟೋಬರ್-ನವೆಂಬರಿನಲ್ಲಿ, ಕೊನೆಯ ಮಳೆ ಮಾರ್ಚ್-ಏಪ್ರಿಲಿನಲ್ಲಿ. ನಮ್ಮ ಕಡೆ ತಿಂಗಳು ಬೇರೆ. ಆದರೆ ತೊಗರಿ ಬೆಳೆಯುವವರಿಗೆ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ತಾಪುರ ತಾಲ್ಲೂಕಿನ ನಮ್ಮ ಹೊಲದಲ್ಲಿ ಅಪ್ಪ ಹೆಸರುಕಾಳು, ತೊಗರಿ ಎರಡನ್ನೂ ಒಟ್ಟಿಗೆ ಬಿತ್ತುತ್ತಿದ್ದ. ಹೆಸರು ಎರಡು ತಿಂಗಳು ದಾಟುತ್ತಿದ್ದಂತೆ ಬಿಡಿಸಲು ಬರುತ್ತದೆ. ಆಗ ತೊಗರಿ ನೋಡಿದರೆ ಇನ್ನೂ ಸಣ್ಣ ಗಿಡ. ಮೊದಲ ದಿನಗಳಲ್ಲಿ ಅದು ಮೇಲೆ ಏಳುವುದೇ ನಿಧಾನ, ಬೇರು ಮಾತ್ರ ಆಳಕ್ಕೆ ಇಳಿಯುತ್ತಿರುತ್ತದೆ. ಮಳೆ ಹೋದ ಮೇಲೂ ಅದು ಹಸಿರಾಗಿ ನಿಲ್ಲುವುದು ಆ ಬೇರಿನಿಂದ. ರಾಶಿ ಆಗುವುದು ಡಿಸೆಂಬರ್-ಜನವರಿಗೆ. ಚಿಕ್ಕವಳಿದ್ದಾಗ ಒಂದು ವರ್ಷ ನಾನು, ಪಕ್ಕದ ಹೊಲದವರ ಹೆಸರುಕಾಳು ಮನೆಗೆ ಬಂತು, ನಮ್ಮದು ಯಾಕಿಲ್ಲ ಅಂತ ಅತ್ತಿದ್ದೆ. ನಮ್ಮದು ಆ ವರ್ಷ ಬರೀ ತೊಗರಿ ಇತ್ತು.

ಆ ಆರು ತಿಂಗಳು ಅಪ್ಪ ಕೂತಿದ್ದನ್ನು ನಾನು ನೋಡಲಿಲ್ಲ. ಸಾಲಿನ ನಡುವಿನ ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದ. ಗಿಡಕ್ಕೆ ಒಂದೂವರೆ ತಿಂಗಳಾದಾಗ ಕುಡಿ ಚಿವುಟುತ್ತಿದ್ದ. ಚಿವುಟಿದ ಕಡೆ ಜಾಸ್ತಿ ಕೊಂಬೆ ಒಡೆಯುತ್ತವೆ. ಕಾಯಿಕೊರಕ ಬಿದ್ದಾಗ ಮನೆಮಂದಿಯೆಲ್ಲ ಸೇರಿ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ತಾಡಪತ್ರಿ ಮೇಲೆ ಹುಳು ಉದುರಿಸುತ್ತಿದ್ದೆವು. ಅಷ್ಟೆಲ್ಲ ಮಾಡಿದರೂ ಒಂದು ಕೆಲಸ ಅಪ್ಪನ ಕೈಯಲ್ಲಿರಲಿಲ್ಲ. ಹೂವನ್ನು ಕಾಯಿ ಮಾಡುವುದು. ಹೂವಿನ ಕಾಲಕ್ಕೆ ಮೋಡ ಕವಿದು ಮಂಜು ಬಿದ್ದರೆ ಉದುರಿ ಹೋಗುತ್ತಿತ್ತು. ಆ ದಿನ ಅಪ್ಪ ಬದುವಿನ ಮೇಲೆ ನಿಂತು ಪ್ರಾರ್ಥನೆ ಮಾಡುತ್ತಿದ್ದ. ಮರುದಿನ ಮತ್ತೆ ಹೊಲಕ್ಕೆ ಹೋಗುತ್ತಿದ್ದ. ಡಾಕ್ಟರಿಗೆ ತೋರಿಸುವುದು ನಿಮ್ಮ ಎಡೆ ಹೊಡೆಯುವ ಕೆಲಸ, ತಂಗಿ.

ಆದರೆ ಎಲ್ಲ ಪ್ರಯತ್ನವೂ ಒಂದೇ ಅಲ್ಲ. ನಿನ್ನಿಂದ ದೊಡ್ಡ ಜನಾಂಗ ಹುಟ್ಟುತ್ತದೆ ಎಂಬ ದೇವರ ಮಾತು ನಂಬಿ ಅಬ್ರಹಾಮ ಖಾರಾನ್ ಊರಿನಿಂದ ಹೊರಟಾಗ ಅವನಿಗೆ 75 ವರ್ಷ. ಮಗ ಇಸಾಕ ಹುಟ್ಟಿದಾಗ 100. ನಡುವೆ 25 ವರ್ಷ. ಕಾನಾನಿಗೆ ಬಂದು 10 ವರ್ಷವಾದ ಮೇಲೆ ಹೆಂಡತಿ ಸಾರಳಿಗೆ ತಡೆಯಲಾಗಲಿಲ್ಲ, ಮಗುವಿಗಾಗಿ ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳು. ಈ ಕಥೆ ಹೇಳುವಾಗ ಅಬ್ರಹಾಮನ ಅವಸರದ ಬಗ್ಗೆ ಮಾತ್ರ ಪ್ರಸಂಗ ಮಾಡುತ್ತಾರೆ. ನನಗೆ ಕಾಣುವುದು ಹಾಗರಳು. ಅವಸರ ಅವರದು, ಬಸುರಿಯಾಗಿ ಮರುಭೂಮಿಗೆ ಓಡಿಹೋಗಬೇಕಾದವಳು ಇವಳು. ಅವಳನ್ನು ಯಾರೂ ಕೇಳಿರಲೇ ಇಲ್ಲ. ಆದರೂ ದೇವರು ಅವಳನ್ನು ನೀರಿನ ಬುಗ್ಗೆಯ ಹತ್ತಿರ ಕಂಡು ಮಾತಾಡಿದ.

ಯೋಸೇಫನನ್ನು ನೋಡಿ. ಸೆರೆಮನೆಯಲ್ಲಿದ್ದಾಗ, ಅಲ್ಲಿಂದ ಬಿಡುಗಡೆಯಾಗಲಿದ್ದ ಪಾನದಾಯಕನಿಗೆ (ಅರಸನಿಗೆ ಪಾನ ಕೊಡುವ ಸೇವಕನಿಗೆ), ಐಗುಪ್ತದ ಅರಸ ಫರೋಹನ ಹತ್ತಿರ ನನ್ನ ವಿಷಯ ಹೇಳು, ನನ್ನನ್ನು ಬಿಡಿಸು ಎಂದು ಬಾಯಿಬಿಟ್ಟು ಕೇಳಿಕೊಂಡ. ಅದು ಅಪನಂಬಿಕೆ ಆಗಲಿಲ್ಲ. ಪಾನದಾಯಕ ಮರೆತ, ಇನ್ನೂ ಎರಡು ವರ್ಷ ಹೋಯಿತು, ಅದು ಬೇರೆ ಮಾತು. ಸಾರಳು, ಯೋಸೇಫ ಇಬ್ಬರೂ ಕೈಲಾದದ್ದು ಮಾಡಿದರು. ಆದರೆ ಯೋಸೇಫ ಕೇಳಿಕೊಂಡದ್ದರಿಂದ ಯಾರಿಗೂ ನೋವಾಗಲಿಲ್ಲ. ಹಾಗಾಗಿ ಒಂದು ಹೆಜ್ಜೆ ಇಡುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಇದರ ಬೆಲೆ ಯಾರು ಕೊಡುತ್ತಾರೆ? ಕೆಲಸಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಹುಡುಗರು ಲಂಚದ ಮಾತು ಬಂದಾಗಲೂ ಇದನ್ನೇ ಕೇಳಿಕೊಳ್ಳಲಿ. ಆ ಜಾಗ ಬೇರೊಬ್ಬ ಬಡವನ ಮಗನದಾಗಿತ್ತು.

ನನ್ನ ಅಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷವಾದಾಗ, ಅವಳ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಇನ್ನೊಂದು ಮದುವೆ ಮಾಡೋಣ ಎಂದು ಮನೆಯಲ್ಲಿ ಮಾತೆದ್ದಿತ್ತು. ಕ್ರೈಸ್ತ ಮದುವೆಯಲ್ಲಿ ಅದಕ್ಕೆ ಜಾಗವಿಲ್ಲ, ಕಾನೂನೂ ಒಪ್ಪುವುದಿಲ್ಲ. ಮಾವ ಒಂದೇ ಮಾತಿನಲ್ಲಿ ಬೇಡ ಅಂದುಬಿಟ್ಟ. ಅದೇ ವರ್ಷ ಒಂದು ಕೂಟದಲ್ಲಿ ಹಿರಿಯರೊಬ್ಬರು ಎಲ್ಲರೆದುರು, ನಿನ್ನ ನಂಬಿಕೆಯಲ್ಲೇ ಕೊರತೆ ಇದೆ ಅಂದರು. ಅಕ್ಕ ಎರಡು ತಿಂಗಳು ಚರ್ಚಿಗೆ ಹೋಗಲಿಲ್ಲ. ನಾನಾದರೂ ಹೋಗುತ್ತಿರಲಿಲ್ಲ. ಕಾಯುವವರಿಗೆ ಬುದ್ಧಿ ಹೇಳುವ ಮೊದಲು ನಾವು 13ನೇ ಕೀರ್ತನೆ ಓದಬೇಕು. ಶುರುವಿನ ಎರಡೇ ವಚನಗಳಲ್ಲಿ ನಾಲ್ಕು ಸಲ 'ಎಷ್ಟರವರೆಗೆ' ಎಂದು ಕೂಗುತ್ತದೆ. ಆ ಕೂಗನ್ನು ಯಾರೂ ತೆಗೆದುಹಾಕಲಿಲ್ಲ, ಸತ್ಯವೇದದಲ್ಲೇ ಇದೆ. ನೀವೂ ಹಾಗೇ ಕೇಳಿ. ಅಳುತ್ತಾ ಕೇಳಿದರೂ ಅದು ಪ್ರಾರ್ಥನೆಯೇ.

ಇನ್ನೊಂದು ಕಷ್ಟದ ಮಾತು. ಕಾದವರಿಗೆಲ್ಲ ಕೇಳಿದ್ದೇ ಸಿಗುತ್ತದೆ ಎಂದು ನಾನು ಹೇಳಲಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ ನಂಬಿಕೆಯ ದೊಡ್ಡ ದೊಡ್ಡ ಹೆಸರುಗಳನ್ನೆಲ್ಲ ಹೇಳಿ, ಕೊನೆಗೆ ಇವರು ವಾಗ್ದಾನದ ಫಲವನ್ನು ಹೊಂದಲಿಲ್ಲ ಎಂದೇ ಬರೆದಿದೆ. ಅವರ ನಂಬಿಕೆ ಕಡಿಮೆ ಇತ್ತು ಎಂದು ಅಲ್ಲಿ ಎಲ್ಲೂ ಇಲ್ಲ.

ಅಕ್ಕನಿಗೆ ಈಗ 51. ಮಕ್ಕಳಾಗಲಿಲ್ಲ. ತಪಾಸಣೆ, ಔಷಧ, ಉಪವಾಸ ಎಲ್ಲ ಮಾಡಿದ್ದಾಳೆ. ನಿಮ್ಮ ಪತ್ರ ಅವಳಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಆ ಹುಡುಗಿಗೆ ಒಬ್ಬಳೇ ದವಾಖಾನೆಗೆ ಹೋಗಬೇಡ ಅಂತ ಹೇಳು, ಯಾರೂ ಇಲ್ಲಂದ್ರ ನಾ ಬರ್ತೀನಿ" ಅಂದಳು.