ಜೋಮು ಹಿಡಿಸುವ ಮೀನು, ಸಿಡಿಯುವ ಮೈನ್

ಇಂಗ್ಲಿಷಿನ ‘ಮೈನ್’ ಎಂಬ ಪುಟ್ಟ ಪದಕ್ಕೆ ಕನ್ನಡದಲ್ಲಿ ಕನಿಷ್ಠ ಮೂರು ಪದಗಳು ಬೇಕಾಗುತ್ತವೆ: ನನ್ನದು, ಗಣಿ ಮತ್ತು ನೆಲಬಾಂಬ್. ಗ್ರೀಕ್ ಭಾಷೆಗೂ ಮೂರು ಬೇಕು: ‘ದಿಕೋ ಮು’, ‘ಓರಿಹಿಯೊ’ ಮತ್ತು ‘ನಾರ್ಕಿ’. ಮೊದಲನೆಯ ಅರ್ಥಕ್ಕೂ ಉಳಿದವುಗಳಿಗೂ ಉಚ್ಚಾರಣೆಯ ಆಕಸ್ಮಿಕ ಹೋಲಿಕೆಯ ಹೊರತು ಬೇರೆ ನಂಟಿಲ್ಲವಾದ್ದರಿಂದ ಅದನ್ನು ಬಿಟ್ಟುಬಿಡೋಣ. ಇಂಗ್ಲಿಷಿನಲ್ಲಿ ಗಣಿಯೂ ಸಿಡಿಮದ್ದೂ ಒಂದೇ ಬೇರಿನಿಂದ ಹುಟ್ಟಿವೆ. ಗ್ರೀಕ್ ಭಾಷೆಯಲ್ಲಾದರೋ ಗಣಿ ಅಗೆತಕ್ಕೆ ಸಂಬಂಧಿಸಿದ ಪದ, ಸಿಡಿಮದ್ದು ಒಂದು ಮೀನಿನ ಹೆಸರು.

ಇಂಗ್ಲಿಷಿನ ನಂಟು ಕೋಟೆಗಳ ಮುತ್ತಿಗೆಯಿಂದ ಬಂದದ್ದು. ಗೋಡೆಯನ್ನು ಒಡೆಯಲಾಗದಿದ್ದರೆ ಅದರ ಬುಡಕ್ಕೆ ಸುರಂಗ ತೋಡಿ, ಮೇಲಿನ ಭಾರಕ್ಕೆ ಮರದ ತೊಲೆಗಳ ಆಸರೆ ಕೊಟ್ಟು, ಕೊನೆಗೆ ಆ ತೊಲೆಗಳಿಗೇ ಬೆಂಕಿಯಿಟ್ಟು ಗೋಡೆಯನ್ನು ಕುಸಿಯುವಂತೆ ಮಾಡುವುದು ಹಳೆಯ ಉಪಾಯ. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ರೋಚೆಸ್ಟರ್ ಕೋಟೆಯನ್ನು ಮುತ್ತಿದಾಗ, ಬೆಂಕಿ ಚೆನ್ನಾಗಿ ಹೊತ್ತಿಕೊಳ್ಳಲೆಂದು ಕೊಬ್ಬಿದ 40 ಹಂದಿಗಳನ್ನು ತರಿಸಿಕೊಂಡ. ಕೋಟೆಯ ಒಂದು ಮೂಲೆ ಉರುಳಿಬಿತ್ತು. ಮುಂದೆ ತೊಲೆ ಮತ್ತು ಕೊಬ್ಬಿನ ಜಾಗಕ್ಕೆ ಮದ್ದಿನಪುಡಿ ಬಂತು. ಮೊದಲ ಮಹಾಯುದ್ಧದಲ್ಲೂ ಈ ಕಸುಬು ನಿಂತಿರಲಿಲ್ಲ. 1917ರ ಜೂನ್ 7ರಂದು ಬೆಲ್ಜಿಯಂನ ಮೆಸೀನ್‌ನಲ್ಲಿ ಬ್ರಿಟಿಷ್ ಸೇನೆ ಜರ್ಮನ್ನರ ನೆಲೆಗಳ ಅಡಿಯಲ್ಲಿ ಹೂತಿಟ್ಟಿದ್ದ 19 ಮೈನ್‌ಗಳನ್ನು ಸಿಡಿಸಿತು. ಹೀಗೆ ತೋಡಿದ ಗುಂಡಿಯ ಹೆಸರು ಅದರೊಳಗಿಟ್ಟ ಮದ್ದಿಗೆ ಅಂಟಿಕೊಂಡು, ಅಗೆಯುವ ಮಾತೇ ಇಲ್ಲದ ಸಮುದ್ರದಲ್ಲಿ ತೇಲುವ ಸಿಡಿಗುಂಡಿಗೂ ಸಲ್ಲುವಂತಾಯಿತು.

ಗ್ರೀಕರಿಗೆ ಸುರಂಗಯುದ್ಧ ಗೊತ್ತಿರಲಿಲ್ಲವೆಂದಲ್ಲ. ಕ್ರಿ.ಪೂ. 189ರಲ್ಲಿ ರೋಮನ್ನರು ಆಂಬ್ರೇಸಿಯಾ ನಗರದ ಗೋಡೆಯಡಿ ಸುರಂಗ ತೋಡುತ್ತಿದ್ದಾಗ, ಒಳಗಿನವರು ತೆಳುವಾದ ಕಂಚಿನ ತಗಡುಗಳ ಕಂಪನದಿಂದ ಅಗೆತದ ಜಾಗವನ್ನು ಪತ್ತೆಹಚ್ಚಿ, ದೊಡ್ಡ ಗುಡಾಣದಲ್ಲಿ ಹಕ್ಕಿಗರಿ ಮತ್ತು ಕೆಂಡ ತುಂಬಿ, ತಿದಿಯೊತ್ತಿ ಹೊಗೆ ಹಾಯಿಸಿದರೆಂದು ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಇಂತಹ ನೆಲದಡಿಯ ದಾರಿಗೆ ಅವರಲ್ಲಿದ್ದ ‘ಹ್ಯುಪೊನೊಮೊಸ್’ ಎಂಬ ಪದ ಇಂದಿನ ಗ್ರೀಕ್ ಭಾಷೆಯಲ್ಲಿ ಒಳಚರಂಡಿ ಎಂಬ ಅರ್ಥಕ್ಕೆ ಇಳಿದಿದೆ. ಪಾಪದ ಪದ.

‘ನಾರ್ಕಿ’ಯ ದಾರಿಯೇ ಬೇರೆ. ಪ್ರಾಚೀನ ಗ್ರೀಕ್‌ನಲ್ಲಿ ಅದರ ಅರ್ಥ ಮರಗಟ್ಟುವಿಕೆ, ನಮ್ಮ ಮಾತಿನಲ್ಲಿ ಜೋಮು. ಮುಟ್ಟಿದವರ ಕೈಗೆ ಜೋಮು ಹಿಡಿಸುವ ಮೀನಿಗೂ ಅದೇ ಹೆಸರು. ಪ್ಲೇಟೋನ ‘ಮೆನೋ’ ಸಂವಾದದಲ್ಲಿ, ಸಾಕ್ರೆಟಿಸನ ಪ್ರಶ್ನೆಗಳಿಂದ ಕಂಗೆಟ್ಟ ಮೆನೋ ಅವನನ್ನು ಈ ಮೀನಿಗೆ ಹೋಲಿಸಿ, ತನ್ನ ಮನಸ್ಸೂ ನಾಲಿಗೆಯೂ ಮರಗಟ್ಟಿವೆ ಎಂದು ದೂರುತ್ತಾನೆ. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ಜೀವಂತ ಮೀನನ್ನೇ ತಲೆಯ ಮೇಲಿಡಲು ಹೇಳಿದ್ದ. ನೋವು ಅಡಗುವುದಕ್ಕೂ ಜೋಮು ಹಿಡಿಯುವುದಕ್ಕೂ ಇರುವ ಸಂಬಂಧವನ್ನು ಅವನು ಗುರುತಿಸಿದ್ದು ಮೆಚ್ಚಬೇಕಾದ ಸಂಗತಿ.

ನಮ್ಮ ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನಿನ ದೂರದ ಸಂಬಂಧಿ ಇದು. ಇದರ ತಲೆಯ ಎರಡು ಪಕ್ಕಗಳಲ್ಲಿ ಮೂತ್ರಪಿಂಡದ ಆಕಾರದ ಒಂದೊಂದು ಅಂಗವಿದ್ದು, ಅದರೊಳಗೆ ಸ್ನಾಯುವಿನಿಂದ ಮಾರ್ಪಟ್ಟ ತೆಳ್ಳನೆಯ ಜೀವಕೋಶಗಳು ನಾಣ್ಯದ ಕಟ್ಟುಗಳಂತೆ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ನರದಿಂದ ಸೂಚನೆ ಬಂದೊಡನೆ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಬಿಡುಗಡೆಯಾಗಿ, ಪ್ರತಿ ಕೋಶದ ಒಂದು ಮಗ್ಗುಲಿನ ವಿದ್ಯುತ್ ಸ್ಥಿತಿ ಮಾತ್ರ ಬದಲಾಗುತ್ತದೆ. ಒಂದು ಕೋಶದಿಂದ ಸಿಗುವುದು ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು ಮಾತ್ರವಾದರೂ ನೂರಾರು ಕೋಶಗಳು ಏಕಕಾಲಕ್ಕೆ ಕೆಲಸ ಮಾಡಿದಾಗ ಹತ್ತಾರು ವೋಲ್ಟ್‌ಗಳಾಗುತ್ತವೆ. ದೊಡ್ಡ ಪ್ರಭೇದಗಳಲ್ಲಿ ಇದು 200ರ ಆಸುಪಾಸಿಗೂ ಏರಬಲ್ಲದು. ಈ ಮೀನು ಬೇಟೆಗಾಗಿ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೆಚ್ಚಾಗಿ, ಮರಳಿನಲ್ಲಿ ಮೈ ಹುದುಗಿಸಿ ಕಾಯುತ್ತದೆ.

ಇದೇ ಮೀನಿಗೆ ಲ್ಯಾಟಿನ್‌ನಲ್ಲಿ ‘ಟಾರ್ಪಿಡೋ’ ಎಂದು ಹೆಸರು, ಅಲ್ಲಿಯೂ ಮೂಲಾರ್ಥ ಮರಗಟ್ಟುವಿಕೆಯೇ. ಅಮೆರಿಕದ ರಾಬರ್ಟ್ ಫುಲ್ಟನ್ 19ನೆಯ ಶತಮಾನದ ಆರಂಭದಲ್ಲಿ ತನ್ನ ನೀರೊಳಗಿನ ಸಿಡಿಗುಂಡುಗಳಿಗೆ ಆ ಹೆಸರನ್ನೇ ಬಳಸಿದ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ವೇಳೆ, ಮೊಬೈಲ್ ಎಂಬ ಕೊಲ್ಲಿಯ ಕದನದಲ್ಲಿ ‘ಟೆಕಮ್ಸೆ’ ಹಡಗನ್ನು ಮುಳುಗಿಸಿದ ಟಾರ್ಪಿಡೋ ಇಂದಿನ ಲೆಕ್ಕದಲ್ಲಿ ಒಂದು ಮೈನ್. ತಾನೇ ಈಜಿಕೊಂಡು ಹೋಗುವ ಆಯುಧವನ್ನು ರಾಬರ್ಟ್ ವೈಟ್‌ಹೆಡ್ 1866ರಲ್ಲಿ ರೂಪಿಸಿದ ಮೇಲೆ ಟಾರ್ಪಿಡೋ ಎಂಬ ಹೆಸರು ಕ್ರಮೇಣ ಅದಕ್ಕೇ ಮೀಸಲಾಯಿತು. ಗ್ರೀಕರು ಓಡುವ ಆಯುಧಕ್ಕೆ ಫ್ರೆಂಚ್‌ನಿಂದ ‘ತೊರ್ಪಿಲಿ’ ಎಂಬ ಪದ ತಂದುಕೊಂಡರು, ಕಾದು ಕೂರುವುದಕ್ಕೆ ತಮ್ಮ ಹಳೆಯ ‘ನಾರ್ಕಿ’ಯನ್ನೇ ಇಟ್ಟುಕೊಂಡರು. ಕದಲದೆ ಹೊಂಚುಹಾಕಿ, ಮುಟ್ಟಿದವರನ್ನು ಕೆಡವುವುದೇ ಮೀನು, ಮೈನ್ ಎರಡರ ಗುಣವಾದ್ದರಿಂದ ನನ್ನ ದೃಷ್ಟಿಯಲ್ಲಿ ಇಂಗ್ಲಿಷಿಗಿಂತ ಈ ಹೆಸರೇ ಹೆಚ್ಚು ನಿಖರ. ಜರ್ಮನಿಯಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಹರ್ಟ್ಸ್ ಕೊಂಬಿನ ಮೈನ್‌ಗಳಲ್ಲಂತೂ ಹೋಲಿಕೆ ಇನ್ನೂ ಆಳವಾಗುತ್ತದೆ: ಹಡಗು ತಾಗಿ ಸೀಸದ ಕೊಂಬು ಬಾಗಿದಾಗ ಒಳಗಿನ ಗಾಜಿನ ನಳಿಕೆ ಒಡೆದು, ಆಮ್ಲ ಹರಿದು, ಆ ಕ್ಷಣದಲ್ಲಿ ವಿದ್ಯುತ್ ಹುಟ್ಟಿ ಮದ್ದು ಸಿಡಿಯುತ್ತದೆ.

ಅನುವಾದಕರು ಎಡವುವುದು ಇಲ್ಲಿಯೇ. ಗ್ರೀಕ್‌ನಲ್ಲಿ ‘ನಾರ್ಕೊಪೆಡಿಯೊ’ ಎಂದರೆ ಮೈನ್‌ಗಳನ್ನು ಹೂತಿಟ್ಟ ಬಯಲು, ‘ಹಿಮೆರಿಯಾ ನಾರ್ಕಿ’ ಎಂದರೆ ಕರಡಿಯಂತಹ ಪ್ರಾಣಿಗಳ ಚಳಿಗಾಲದ ದೀರ್ಘನಿದ್ದೆ. ಸಂದರ್ಭ ನೋಡದೆ ಪದಕ್ಕೆ ಪದ ಇಟ್ಟರೆ ಕರಡಿ ಸಿಡಿಯಬೇಕಾಗುತ್ತದೆ.

ಭಾರತದ ಭಾಷೆಗಳಿಗೂ ಈ ಕಥೆಯಲ್ಲೊಂದು ಪಾಲಿದೆ. ಹಿಂದಿಯಲ್ಲಿ ನೆಲಬಾಂಬಿಗೆ ‘ಬಾರೂದಿ ಸುರಂಗ್’ ಎನ್ನುತ್ತಾರೆ, ಅಂದರೆ ಇಂಗ್ಲಿಷಿನಂತೆ ಅಗೆತದ ದಾರಿಯನ್ನೇ ಹಿಡಿದಿದ್ದಾರೆ. ಆ ಸುರಂಗ, ಅಂದರೆ ಅರಗಿನ ಮನೆಯಿಂದ ಪಾಂಡವರು ಪಾರಾದ ಸುರಂಗದ ಹೆಸರು, ಕೊಳವೆ ಎಂಬರ್ಥದ ಗ್ರೀಕ್ ಪದ ‘ಸಿರಿಂಕ್ಸ್’ನಿಂದ ಸಂಸ್ಕೃತಕ್ಕೆ ಬಂದಿರಬೇಕೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇಂದಿನ ಗ್ರೀಸ್‌ನಲ್ಲಿ ಅದೇ ಪದ ‘ಸೀರಿಂಗ’ ಎಂಬ ರೂಪದಲ್ಲಿ ಚುಚ್ಚುಮದ್ದಿನ ಸಿರಿಂಜ್ ಆಗಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಆ ಸೀರಿಂಗದಿಂದ ರೋಗಿಯ ಮೈಗೆ ಹರಿಸುವ ಅರಿವಳಿಕೆಗೆ ಅಲ್ಲಿನ ಹೆಸರುಗಳಲ್ಲೊಂದು ‘ನಾರ್ಕೊಸಿ’.