ಪದ ಪರಿಚಯ: ಬ್ಯಾಕ್‌ಪ್ಲೇನ್

ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ 19 ಇಂಚಿನ ರ‍್ಯಾಕ್‌ನಲ್ಲಿ ಕೂತಿರುವ ಕಂಪ್ಯೂಟರಿನ ಮುಚ್ಚಳ ತೆಗೆದರೆ ಎಷ್ಟೋ ಸಲ ಮದರ್‌ಬೋರ್ಡೇ ಕಾಣುವುದಿಲ್ಲ. ತಳದಲ್ಲಿ ಸಾಲಾಗಿ ಸ್ಲಾಟುಗಳಿರುವ ಒಂದು ಬೋರ್ಡ್ ಇರುತ್ತದೆ, ಅಷ್ಟೆ. ಪ್ರೊಸೆಸರ್, ಮೆಮೊರಿ ಎಲ್ಲ ಒಂದು ಉದ್ದನೆಯ ಕಾರ್ಡಿನ ಮೇಲಿದ್ದು, ಆ ಕಾರ್ಡೂ ಉಳಿದವುಗಳ ಜೊತೆ ಒಂದು ಸ್ಲಾಟಿನಲ್ಲಿ ನಿಂತಿರುತ್ತದೆ. ಆ ತಳದ ಬೋರ್ಡೇ ಬ್ಯಾಕ್‌ಪ್ಲೇನ್. ಉದ್ದನೆಯ ಕಾರ್ಡನ್ನು ಎಸ್‌ಬಿಸಿ, ಅಂದರೆ ಸಿಂಗಲ್ ಬೋರ್ಡ್ ಕಂಪ್ಯೂಟರ್ ಎನ್ನುತ್ತಾರೆ. ಬಾಯಿಮಾತಿನಲ್ಲಿ ಸಿಪಿಯು ಕಾರ್ಡ್.

ಇದು ಹೊಸ ಉಪಾಯವಲ್ಲ. 1975ರ ಆಲ್ಟೇರ್ 8800 ಕಂಪ್ಯೂಟರಿನಲ್ಲೂ ಪ್ರೊಸೆಸರ್ ಒಂದು ಕಾರ್ಡಿನ ಮೇಲೇ ಇತ್ತು. 1981ರ ಐಬಿಎಂ ಪಿಸಿಯ ನಂತರ ಮನೆ, ಆಫೀಸುಗಳಲ್ಲಿ ಮದರ್‌ಬೋರ್ಡ್ ಗೆದ್ದಿತು. ಕಾರ್ಖಾನೆ ಮಾತ್ರ ಹಳೆಯ ದಾರಿಯನ್ನು ಬಿಡಲಿಲ್ಲ, ಬಿಡದಿರಲು ಕಾರಣವೂ ಇತ್ತು.

ಪ್ಯಾಸಿವ್ ಬ್ಯಾಕ್‌ಪ್ಲೇನಿನಲ್ಲಿ ಕನೆಕ್ಟರು, ತಾಮ್ರದ ಗೆರೆಗಳು, ಒಂದಿಷ್ಟು ಕೆಪ್ಯಾಸಿಟರು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಕೆಡುವ ಚಿಪ್ಪೇ ಇಲ್ಲದ ಮೇಲೆ ಅದು ಕೆಡುವುದೂ ಅಪರೂಪ. ಕೆಡುವುದು, ಹಳತಾಗುವುದು ಸಿಪಿಯು ಕಾರ್ಡ್. ಅದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿದರೆ ಮುಗಿಯಿತು. ಯಂತ್ರದ ಸೆನ್ಸರುಗಳ ವೈರು ಬಂದು ಸೇರುವ ಇತರ ಕಾರ್ಡುಗಳನ್ನು ಮುಟ್ಟುವ ಅಗತ್ಯವಿಲ್ಲ. ಲೈನ್ ನಿಂತು ಸೂಪರ್‌ವೈಸರ್ ಹಿಂದೆಯೇ ನಿಂತಿರುವಾಗ ಈ ಅನುಕೂಲದ ಬೆಲೆ ಗೊತ್ತಾಗುತ್ತದೆ. ಇನ್ನು ಸ್ಲಾಟುಗಳ ಸಂಖ್ಯೆ: ಸಾಮಾನ್ಯ ಎಟಿಎಕ್ಸ್ ಮದರ್‌ಬೋರ್ಡಿಗೆ ಏಳು ಸ್ಲಾಟೇ ಮಿತಿ, 4ಯು ಪೆಟ್ಟಿಗೆಯ ಬ್ಯಾಕ್‌ಪ್ಲೇನಿನಲ್ಲಿ 14 ಸಾಮಾನ್ಯ. 4ಯು ಎಂದರೆ ಸುಮಾರು 178 ಮಿಲಿಮೀಟರ್ ಎತ್ತರ. ಪೂರ್ಣ ಎತ್ತರದ ಕಾರ್ಡ್ ನೆಟ್ಟಗೆ ನಿಲ್ಲಲು ಅಷ್ಟು ಜಾಗ ಬೇಕು. ಯಂತ್ರಗಳ ಕಂಪನಕ್ಕೆ ಕಾರ್ಡುಗಳು ಸಡಿಲವಾಗದಿರಲಿ ಎಂದು ಮೇಲಿಂದ ಅಡ್ಡಪಟ್ಟಿಯೊಂದು ಅವನ್ನು ಒತ್ತಿ ಹಿಡಿದಿರುತ್ತದೆ.

ಯಾವ ಕಂಪನಿಯ ಎಸ್‌ಬಿಸಿಯಾದರೂ ಯಾವ ಕಂಪನಿಯ ಬ್ಯಾಕ್‌ಪ್ಲೇನಿಗಾದರೂ ಹೊಂದಲಿ ಎಂದು ನಿಯಮ ಬರೆದದ್ದು ತಯಾರಕರ ಒಕ್ಕೂಟ ಪಿಐಸಿಎಂಜಿ. 1994ರ ಅದರ 1.0 ನಿಯಮದಲ್ಲಿ ಐಎಸ್‌ಎ, ಪಿಸಿಐ ಎಂಬ ಎರಡೂ ಬಸ್ಸುಗಳು (ಕಾರ್ಡುಗಳು ಹಂಚಿಕೊಳ್ಳುವ ಡೇಟಾ ದಾರಿಗಳು) ಒಟ್ಟಿಗಿದ್ದವು. ತೊಡಕು ಶುರುವಾದದ್ದು ಪಿಸಿಐನಿಂದ. ಐಎಸ್‌ಎ ನಿಧಾನದ ಬಸ್, ಒಂದೇ ತಂತಿಗೆ ಎಷ್ಟೋ ಸ್ಲಾಟು ಕಟ್ಟಿದರೂ ಸಹಿಸುತ್ತಿತ್ತು. 33 ಮೆಗಾಹರ್ಟ್ಸ್‌ನ ಪಿಸಿಐ ನಾಲ್ಕು ಸ್ಲಾಟಿಗೇ ಸಾಕೆನ್ನುತ್ತಿತ್ತು. ಇನ್ನೂ ಬೇಕೆಂದರೆ ಬ್ಯಾಕ್‌ಪ್ಲೇನಿನ ಮೇಲೆ ಬ್ರಿಡ್ಜ್ ಚಿಪ್ ಕೂರಿಸಬೇಕು. ಅಲ್ಲಿಗೆ ಅದು ಪೂರ್ತಿ ಪ್ಯಾಸಿವ್ ಆಗಿ ಉಳಿಯಲಿಲ್ಲ. ಹೆಸರನ್ನು ಮಾತ್ರ ಅನೇಕರು ಹಾಗೇ ಉಳಿಸಿಕೊಂಡರು!

ಪಿಸಿಐ ನಂತರ ಬಂದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಹಂಚಿಕೊಳ್ಳುವ ಬಸ್ಸೇ ಇಲ್ಲ, ಪ್ರತಿ ಸ್ಲಾಟಿಗೂ ಅದರದೇ ಪ್ರತ್ಯೇಕ ಡೇಟಾ ದಾರಿಗಳು, ಅಂದರೆ ಲೇನ್‌ಗಳು. 2005ರ ಪಿಐಸಿಎಂಜಿ 1.3 ಇದಕ್ಕೆಂದೇ ಬಂದ ನಿಯಮ. ಅದರಲ್ಲಿ ಸಿಪಿಯು ಕಾರ್ಡಿನಿಂದ ಬ್ಯಾಕ್‌ಪ್ಲೇನಿಗೆ ಇಳಿಯುವುದು ಮೂಲತಃ 20 ಲೇನ್. ಸ್ಲಾಟು ಹೆಚ್ಚಿಸಲು ಸ್ವಿಚ್ ಚಿಪ್ ಹಾಕುತ್ತಾರೆ, ಆದರೆ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಹೆಚ್ಚಾದ ಮಾತ್ರಕ್ಕೆ ಗೋಡೆಯಿಂದ ಹೆಚ್ಚು ಕರೆಂಟ್ ಬರುವುದಿಲ್ಲವಲ್ಲ, ಇಲ್ಲಿಯೂ ಅಷ್ಟೇ. ನಾಲ್ಕಾರು ಕ್ಯಾಮೆರಾ ಕಾರ್ಡುಗಳು ಒಟ್ಟಿಗೆ ಮೆಮೊರಿಗೆ ಚಿತ್ರ ಸುರಿಯತೊಡಗಿದರೆ ಆ ಲೇನ್‌ಗಳನ್ನೇ ಹಂಚಿಕೊಳ್ಳಬೇಕು.

ಎರಡು ಮೂರು ಕಾರ್ಡು ಸಾಕೆನ್ನುವವರಿಗೆ ಇಂದು ಕೈಗಾರಿಕಾ ದರ್ಜೆಯ ಮದರ್‌ಬೋರ್ಡೇ ಅಗ್ಗ, ಬ್ಯಾಕ್‌ಪ್ಲೇನ್ ದುಂದು ಎಂಬುದು ನನ್ನ ಅಭಿಪ್ರಾಯ. ಹತ್ತು ಕಾರ್ಡು ಬೇಕಾದವರು ಕೊಳ್ಳುವ ಮುನ್ನ ಸ್ಲಾಟಿನ ಉದ್ದ ನೋಡಿ ಮೋಸಹೋಗಬಾರದು: ಎಕ್ಸ್‌16 (ಅಂದರೆ 16 ಲೇನಿನ) ಉದ್ದದ ಸ್ಲಾಟಿನಲ್ಲಿ ನಿಜಕ್ಕೂ ನಾಲ್ಕೇ ಲೇನ್ ಇರಬಹುದು. ಜೊತೆಗೆ, 1.0 ಕಾಲದ ಸಿಪಿಯು ಕಾರ್ಡ್ 1.3ರ ಬ್ಯಾಕ್‌ಪ್ಲೇನಿಗೆ ಕೂರುವುದಿಲ್ಲ, ಕನೆಕ್ಟರುಗಳೇ ಬೇರೆ.